ಸ್ಕೀಯೊಳಗೆ ಸಿಕ್ಕಿಕೊಂಡ ಗಾಳಿ

ಆ ಗುಳ್ಳೆಯನ್ನು ನಾನು ನೋಡಬಾರದಿತ್ತು. ನೋಡಿದ ಮೇಲೆ ಅನ್ನ ಬಸಿಯುವಾಗಲೂ ಅದೇ, ಮಗಳಿಗೆ ಜಡೆ ಹಾಕುವಾಗಲೂ ಅದೇ. ಮಗಳು ಆಶಿತಾಳಿಗೆಂದು ವಿಕ್ಟರ್ ಅಂಕಲ್ ತಮ್ಮ ಶೆಡ್ಡಿನಲ್ಲಿ ಮಾಡಿಟ್ಟಿದ್ದ ಸ್ಕೀಯಲ್ಲಿ, ಕಾಲಿಡುವ ಜಾಗದಲ್ಲೇ, ಉದ್ದಿನ ಬೇಳೆಯಷ್ಟಗಲ ಗಾಳಿ ಸಿಕ್ಕಿಕೊಂಡಿತ್ತು. ಶನಿವಾರ ಅವಳು ಅದನ್ನು ಕಾಲಿಗೆ ಕಟ್ಟಿಕೊಂಡು ಬರ್ಕಾ ಊರಿನ ಆಚೆಯ ಮರಳುದಿಬ್ಬದಿಂದ ಜಾರುವವಳು. ಅರ್ಧ ದಾರಿಯಲ್ಲಿ ಪದರ ಬಿಟ್ಟುಕೊಂಡರೆ? ಸಿಬಿರು ಕಾಲಿಗೆ ಹೊಕ್ಕರೆ?

ವಿಕ್ಟರ್ ಅಂಕಲ್ ಊರಿನ ಕಡೆ ಶಿರ್ವದವರು. ಇಲ್ಲಿ ಗಲ್ಫಿನ ಸೀಬಿನಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲಿದ್ದಾರೆ. ಹಗಲು ಕ್ಲಿಯರಿಂಗ್ ಆಫೀಸಿನಲ್ಲಿ ಕಂಟೇನರ್‌ಗಳ ಕೆಲಸ, ಬಿಡುವಾದರೆ ಕಾರ್‌ಶೆಡ್ಡಿನಲ್ಲಿ ಸ್ಕೀ ಮಾಡುವ ಹುಚ್ಚು. ಇವರು ಹಿಮ ಕಂಡದ್ದು ಫ್ರೀಜರಿನಲ್ಲಿ ಮಾತ್ರ ಎಂದು ಅವರ ಹೆಂಡತಿ ಏಂಜೆಲಾ ಆಂಟಿ ಎಲ್ಲರೆದುರೇ ಹಂಗಿಸುತ್ತಾರೆ.

"ಮರಳಲ್ಲಿ ಜಾರಿದರೆ ಶೀತ ಆಗುವುದಿಲ್ಲ, ಅದೇ ಲಾಭ," ಎನ್ನುತ್ತಾರೆ ಅಂಕಲ್.

ತೆಳು ಹಲಗೆ, ಅದರ ಮೇಲೂ ಕೆಳಗೂ ಫೈಬರ್ ಬಟ್ಟೆ, ನಡುವೆ ಎಪಾಕ್ಸಿ ಅಂಟು. ರೋಲರಿನಿಂದ ಮಧ್ಯದಿಂದ ಅಂಚಿಗೆ ಒತ್ತುತ್ತಾ ಗಾಳಿಯನ್ನು ಹೊರಗೆ ಅಟ್ಟಬೇಕು. ನೋಡಲು ಹೋದವರಿಗೆ ಚಹಾ ಸಿಗುತ್ತದೆ, ಉದ್ದದ ಭಾಷಣವೂ ಸಿಗುತ್ತದೆ. "ಪತ್ರೊಡೆ ಎಲೆಗೆ ಇಷ್ಟು ಚಂದ ಹಿಟ್ಟು ಸವರಿ ಕೊಟ್ಟಿದ್ದರೆ ನನಗಾದರೂ ಉಪಕಾರ ಆಗ್ತಿತ್ತು," ಎಂದು ಆಂಟಿ ಗೊಣಗುತ್ತಾರೆ. ಗಲ್ಲಿಯ ಎಷ್ಟೋ ಮಕ್ಕಳು ಅವರ ಸ್ಕೀಯಲ್ಲಿ ಜಾರಿದ್ದಾರೆ. ಒಂದೂ ಮುರಿದಿಲ್ಲ ಎಂಬುದೇ ಅಂಕಲ್‌ರ ಹೆಮ್ಮೆ. ಅಂಥವರಿಗೆ ನಾನು ಏನೆಂದು ಹೇಳುವುದು?

"ನೀನು ಇಡ್ಲಿಯಲ್ಲೂ ತೂತು ಹುಡುಕುವವಳು," ಎಂದರು ನನ್ನ ಗಂಡ ಕೀರ್ತನ್. "ಫೋನ್ ಮಾಡಿ ಕೇಳು, ಖಲಾಸ್."

"ಅವರಿಗೆ ಬೇಸರ ಆದರೆ?"

"ಹಾಗಾದರೆ ಹೋಗುವುದು ಬೇಡ ಅಂತ ಮಗಳಿಗೆ ನೀನೇ ಹೇಳು."

ಅಷ್ಟರಲ್ಲಿ ಆಶಿತಾ ಬಾಗಿಲಲ್ಲಿ ನಿಂತಿದ್ದಳು. "ಮಮ್ಮಿ, ವಿ ಆರ್ ಗೋಯಿಂಗ್, ನೋ?"

ಆ ಮುಖ ನೋಡಿದ್ದೇ ಅಡುಗೆಮನೆಗೆ ಹೋಗಿ ಫೋನ್ ಒತ್ತಿದೆ.

"ಅಂಕಲ್, ತಪ್ಪು ತಿಳಿಯಬೇಡಿ. ಆಶಿತಾಳ ಸ್ಕೀಯಲ್ಲಿ ಒಂದು ಗುಳ್ಳೆ..."

ಅಂಕಲ್ ನನ್ನ ಮಾತು ಮುಗಿಸಲು ಬಿಡಲಿಲ್ಲ.

"ನೀನೂ ನೋಡಿದಿಯಾ ಮಾರಾಯ್ತಿ? ನಿನಗೆ ಹೇಗೆ ಹೇಳುವುದು ಅಂತ ನಾನಿಲ್ಲಿ ಫೋನ್ ತೆಗೆಯುವುದು, ಇಡುವುದು, ಅದೇ ಆಗಿದೆ."

ಇಲ್ಲಿಯ ವಾರದ ರಜೆಯಾದ ಕಳೆದ ಶುಕ್ರವಾರ ಬೆಳಗ್ಗೆ ತಂಪಿರುವಾಗಲೇ ಅಂಟು ಹಚ್ಚಿಟ್ಟು ಚರ್ಚಿಗೆ ಹೋಗಿದ್ದರಂತೆ. ಪೂಜೆ ಮುಗಿದು, ಹೊರಗೆ ಊರವರ ಜೊತೆ ಮಾತೂ ಮುಗಿದು ಬರುವಾಗ ಶೆಡ್ ಕಾದ ಕಾವಲಿಯಾಗಿತ್ತು. ಬಿಸಿಗೆ ಮರದೊಳಗಿನ ಗಾಳಿ ಹಿಗ್ಗಿ, ಇನ್ನೂ ಗಟ್ಟಿಯಾಗದ ಅಂಟಿಗೆ ಬಂದು ಕೂತಿತ್ತು.

"ಹಾಗಾದರೆ ಶನಿವಾರ, ಅಂಕಲ್?"

"ಆ ಸ್ಕೀಗೆ ಗರಗಸ ಹಾಕಿದೆ. ಬೇರೆ ಹೊಸತು ಮಾಡಿ ಆಯ್ತು. ಈ ಸಲ ಬಿಸಿಲು ಇಳಿಯುವಾಗ ಹಚ್ಚಿದ್ದು. ಮರ ತಣಿಯುತ್ತಾ ಹೋದರೆ ಗಾಳಿ ಉಗುಳುವುದಿಲ್ಲ, ಅಂಟನ್ನೇ ಒಳಗೆ ಎಳೆದುಕೊಳ್ತದೆ. ಎಲ್ಲಾ ಕಡೆ ತಟ್ಟಿ ನೋಡಿದೆ, ಎಲ್ಲಿಯೂ ಟೊಳ್ಳು ಸದ್ದಿಲ್ಲ. ನಂಬಿಕೆ ಇಲ್ಲದಿದ್ರೆ ನೀನೇ ಬಂದು ತಟ್ಟು."

ಹಿಂದಿನಿಂದ ಆಂಟಿಯ ದನಿ: "ಬರಲಿ, ಬರಲಿ. ನನ್ನ ಬಂಗುಡೆ ಸಾರಿನಲ್ಲಿ ಮುಳ್ಳು ಉಂಟು ಅಂತ ದೂರು ಹೇಳಿದವಳಲ್ವಾ!"

ನನಗೆ ನಗುವೂ ಬಂತು, ಕಣ್ಣೂ ತುಂಬಿತು.

"ಈಗಲೇ ಬಂದೆ ಅಂಕಲ್," ಎಂದೆ. "ಆಶಿತಾಳನ್ನೂ ಕರ್ಕೊಂಡು ಬರ್ತೇನೆ. ಅವಳ ಕಾಲಿನ ಅಳತೆಗೆ ಕಟ್ಟುವ ಪಟ್ಟಿ ಕೂರಿಸಿಬಿಡಿ."