ಪಕ್ಕದ ಮನೆಯ ರೇಡಿಯೋ

ಅಕ್ಕ ತೀರಿಕೊಂಡ ಮಾರನೆಯ ದಿನ ಅಜ್ಜಿ ನಮ್ಮ ರೇಡಿಯೋ ಮೇಲೆ ಅಪ್ಪನ ಹಳೆಯ ಪಂಚೆಯೊಂದನ್ನು ಹೊದಿಸಿದರು. ಸೂತಕದ ಮನೆಯಲ್ಲಿ ಹಾಡು, ಹರಟೆ, ನಗು ಇರಕೂಡದು. ರೇಡಿಯೋಗೆ ಈ ಮೂರೂ ಚಟಗಳಿದ್ದವು. ಅಜ್ಜಿ ಎಂದರೆ ಅಪ್ಪನ ತಾಯಿ. ಅವರ ಮಾತಿಗೆ ಅಪ್ಪನೇ ಉಸಿರೆತ್ತುತ್ತಿರಲಿಲ್ಲ, ಇನ್ನು ಅಮ್ಮ ಎಲ್ಲಿಂದ ಎತ್ತಬೇಕು?

ಅರವತ್ತರ ದಶಕದ ಜಯನಗರ ಅದು. ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ವಾಹನಗಳ ಸದ್ದಿಲ್ಲದ್ದರಿಂದ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಪಕ್ಕದ ಮನೆಯವರ ರೇಡಿಯೋ ಕೇಳಿಯೇ ನಮ್ಮ ಮನೆಯಲ್ಲಿ ಸ್ನಾನಕ್ಕೆ ನೀರು ಕಾಯಿಸುವುದು, ಕಾಲೇಜಿಗೆ ಹೊರಡುವುದು, ದೀಪ ಹಚ್ಚುವುದು ನಡೆಯುತ್ತಿತ್ತು. ನಮ್ಮಲ್ಲೂ ರೇಡಿಯೋ ಇದ್ದರೂ ಅವರದು ಎರಡು ಮನೆಗೆ ಸಾಲುವಷ್ಟು ಜೋರಾಗಿರುತ್ತಿತ್ತು. ಇದರ ಬಗ್ಗೆ ಅಜ್ಜಿಗೆ ಎಂದಿನ ತಕರಾರು.

ಅಕ್ಕನಿಗೆ ಇಪ್ಪತ್ತು ವರ್ಷ, ನನಗೆ ಹದಿನಾರು. ಕಾಲೇಜಿನ ನಾಟಕಗಳಲ್ಲಿ ಹೆಸರು ಮಾಡಿದ್ದ ಅವಳು ರೇಡಿಯೋ ನಿಲಯದ ಧ್ವನಿ ಪರೀಕ್ಷೆಯಲ್ಲಿ ಪಾಸಾಗಿ, ಹಳ್ಳಿಗರ ಕಾರ್ಯಕ್ರಮದ ಒಂದು ಕಿರುನಾಟಕಕ್ಕೆ ಆಯ್ಕೆಯಾದಳು. ರೆಕಾರ್ಡಿಂಗ್ ಮುಗಿಸಿ ಬಂದ ದಿನ ಅವಳನ್ನು ಹಿಡಿಯುವವರಿಲ್ಲ. ಯಾವ ಪಾತ್ರ ಎಂದು ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ.

"ಮುಂದಿನ ವಾರ, ಗುರುವಾರ ಸಂಜೆ ಬರುತ್ತೆ, ಕೇಳಿ. ನನ್ನ ಗುರುತು ಹಿಡಿದೋರಿಗೆ ಕಾಫಿ ನಾನೇ ಮಾಡಿಕೊಡ್ತೀನಿ" ಎಂದಳು. ರಸ್ತೆಯ ಮನೆಮನೆಗೂ ಹೋಗಿ ಅದನ್ನೇ ಸಾರಿ ಬಂದಳು.

ಆ ವಾರವೇ ಜ್ವರ ಬಂತು. ಅದು ಎಂಥ ಜ್ವರ ಎಂದು ಡಾಕ್ಟರಿಗೆ ಹೊಳೆಯುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಅಮ್ಮ ಅಳಲಿಲ್ಲ. ಬಂದ ಹೆಂಗಸರೆಲ್ಲ ಅಳಿಸಲು ನೋಡಿ ಸೋತರು.

ಅಪ್ಪ ಯಾರದೋ ಮೂಲಕ ರೇಡಿಯೋ ನಿಲಯದಲ್ಲಿ ವಿಚಾರಿಸಿದರು. ನಾಟಕ ಹೇಳಿದ ದಿನವೇ ಪ್ರಸಾರವಾಗುತ್ತದೆ, ಆಮೇಲೆ ಆ ಟೇಪನ್ನು ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸುತ್ತಾರೆ, ಎಲ್ಲದಕ್ಕೂ ಅದೇ ವಾಡಿಕೆ ಎಂದು ತಿಳಿಯಿತು. ಅಂದರೆ ಅಕ್ಕನ ಧ್ವನಿ ಈ ಲೋಕದಲ್ಲಿ ಇನ್ನೊಂದೇ ಸಲ ಕೇಳಲಿತ್ತು. ಅದೂ ಸೂತಕ ಇನ್ನೂ ಕಳೆಯದ ಗುರುವಾರ.

ಅಮ್ಮ ಅಜ್ಜಿಯ ಮುಂದೆ ಹೋಗಿ ನಿಂತಳು. "ಅತ್ತೆ, ಗುರುವಾರ ಬರೀ ಕಾಲು ಗಂಟೆ. ಸಣ್ಣಗೆ ಹಾಕ್ಕೊಂಡು ಕೇಳ್ತೀನಿ."

"ಬೇಡ ಕಣೇ" ಎಂದರು ಅಜ್ಜಿ. ಗದರಲಿಲ್ಲ, ಬೇಡಿಕೊಳ್ಳುವಂತೆ ಹೇಳಿದರು. "ಹೋದೋರ ಧ್ವನಿನ ಸೂತಕದ ಮನೇಲಿ ಎಬ್ಬಿಸಬಾರದು. ಮಗು ಹೋಗ್ತಿರೋ ದಾರೀಲಿ ನಿಂತು ಹಿಂದಕ್ಕೆ ತಿರುಗಿ ನೋಡುತ್ತೆ."

"ನೋಡಲಿ" ಎಂದಳು ಅಮ್ಮ. ಅದು ನನಗೊಬ್ಬಳಿಗೇ ಕೇಳಿಸಿತು. ಅಂದಿನಿಂದ ಅವಳು ಅಜ್ಜಿಯ ಜೊತೆ ಮಾತು ಬಿಟ್ಟಳು.

ಗುರುವಾರ ಬೆಳಗಾಗುವ ಮೊದಲೇ ಅಮ್ಮ ಹಿತ್ತಲಿಗೆ ಹೋಗಿ, ಕಾಂಪೌಂಡಿಗೆ ಅಂಟಿಕೊಂಡಿದ್ದ ಒಗೆಯುವ ಕಲ್ಲಿನ ಮೇಲೆ ಕೂತಳು. ಅವಳ ಯೋಚನೆ ನನಗೆ ತಕ್ಷಣ ತಿಳಿಯಿತು. ಸೂತಕದಲ್ಲಿ ಬೇರೆಯವರ ಹೊಸಿಲು ತುಳಿಯುವಂತಿಲ್ಲ, ಸರಿ; ಆದರೆ ಪಕ್ಕದ ಮನೆಯ ರೇಡಿಯೋ ಗೋಡೆ ಹಾರಿ ಬಂದರೆ ಅದನ್ನು ತಡೆಯಲು ಅಜ್ಜಿಯಿಂದಲೂ ಆಗುವುದಿಲ್ಲವಲ್ಲ! ಸಾವಾದಾಗಿನಿಂದ ಪಕ್ಕದವರು ಧ್ವನಿ ತಗ್ಗಿಸಿದ್ದರು. ಆದರೂ ಕಲ್ಲಿನ ಮೇಲೆ ಕೂತು ಕಿವಿಗೊಟ್ಟರೆ ಎಲ್ಲವೂ ಕೇಳುತ್ತಿತ್ತು.

ಮೊದಲು ನಾದಸ್ವರ, ಆಮೇಲೆ ದೇವರ ನಾಮ. ವಾರ್ತೆಯಲ್ಲಿ ಯಾರೋ ಮಂತ್ರಿ ಎಲ್ಲಿಯೋ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಬೆಳಗಿನ ಪ್ರಸಾರ ಮುಗಿದು ಗೋಡೆಯಾಚೆ ಮೌನವಾದಾಗಲೂ ಅಮ್ಮ ಏಳಲಿಲ್ಲ. ನಾನು ತಂದುಕೊಟ್ಟ ಕಾಫಿ ಪಕ್ಕದಲ್ಲೇ ಆರಿತು. ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮದಲ್ಲಿ ಒಬ್ಬಾಕೆ ಹುಣಸೆಹಣ್ಣು ವರ್ಷಗಟ್ಟಲೆ ಕೆಡದಂತೆ ಇಡುವ ಬಗೆ ಹೇಳಿದರು. ಅಮ್ಮ ಅದನ್ನೂ ಪರೀಕ್ಷೆಗೆ ಓದುವವಳಂತೆ ಕೇಳಿದಳು. ಶಾಲೆಯ ಮಕ್ಕಳಿಗೆ ಭೂಗೋಳದ ಪಾಠವಾಯಿತು. ವೀಣೆ ಬಂತು. ಬಿಸಿಲು ಗೋಡೆ ಹತ್ತಿ ಆಚೆಗೆ ಇಳಿಯಿತು. ಪ್ರತಿ ಕಾರ್ಯಕ್ರಮ ಮುಗಿದಾಗಲೂ ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಮುಂದಿನ ಬಸ್ಸಿನಲ್ಲಿ ಮಗಳು ಇಳಿಯುತ್ತಾಳೆ ಎಂದು ಕಾಯುವವಳ ಹಾಗೆ. ಅವಳನ್ನು ನೋಡಲು ನನಗೆ ಭಯವಾಗುತ್ತಿತ್ತು.

ಸಂಜೆ ಹಳ್ಳಿಗರ ಕಾರ್ಯಕ್ರಮ ಶುರುವಾಯಿತು. ಪೇಟೆ ಧಾರಣೆ ಓದಿದರು. ಹವಾಮಾನ ಹೇಳಿದರು. ಅಮ್ಮ ಎದ್ದು ಗೋಡೆಗೆ ಕೆನ್ನೆ ಒತ್ತಿ ನಿಂತಳು. "ಈಗ ಒಂದು ಕಿರುನಾಟಕ" ಎಂದಿತು ಆಚೆಯ ಧ್ವನಿ.

ಟಕ್. ಪಕ್ಕದ ಮನೆಯ ರೇಡಿಯೋ ನಿಂತುಹೋಯಿತು.

ನಾನು ಮುಂಬಾಗಿಲಿಗೆ ಓಡಿದೆ. ಎದುರು ಮನೆಯಲ್ಲೂ ಸದ್ದಿಲ್ಲ, ಅದರಾಚೆಯ ಮನೆಯಲ್ಲೂ ಇಲ್ಲ. ಇಡೀ ರಸ್ತೆ ಬಾಯಿ ಮುಚ್ಚಿಕೊಂಡಿತ್ತು. ಹಿತ್ತಲಿಗೆ ಬಂದರೆ ಪಕ್ಕದ ಮನೆಯಾಕೆ ಗೋಡೆಯ ಮೇಲೆ ತಲೆ ಹಾಕಿ, ಕಣ್ಣು ತುಂಬಿಕೊಂಡು, ಅಮ್ಮನ ಜೊತೆ ಮಾತಾಡುತ್ತಿದ್ದರು.

"ನೀವು ಇಲ್ಲೇ ಕೂತಿದ್ದು ನೋಡ್ದೆ ಕಣ್ರೀ. ಮಗಳ ಧ್ವನಿ ಕಿವಿಗೆ ಬಿದ್ರೆ ಹೆತ್ತ ಕರುಳು ತಡೆಯುತ್ತಾ? ಅದಕ್ಕೇ ಆಫ್ ಮಾಡ್ಬಿಟ್ಟೆ. ಬೇರೆ ಮನೆಯೋರಿಗೂ ಬೆಳಿಗ್ಗೆನೇ ಹೇಳಿಟ್ಟಿದ್ದೆ."

ಈಗಲಾದರೂ ಬಾಯಿಬಿಟ್ಟು ಹೇಳಲಿ, ಹಾಕಿ ಎನ್ನಲಿ ಎಂದು ನಾನು ಅಮ್ಮನ ಮುಖ ನೋಡಿದೆ.

"ಒಳ್ಳೇದು ಮಾಡಿದ್ರಿ" ಎಂದಳು ಅಮ್ಮ.

ಆ ಹೆಂಗಸನ್ನು ನಾನು ಇವತ್ತಿಗೂ ಬೈಯಲಾರೆ, ಕ್ಷಮಿಸಲೂ ಆರೆ. ಒಳ್ಳೆಯವರೆಂದರೆ ನನಗೆ ಅಂದಿನಿಂದ ಸ್ವಲ್ಪ ಹೆದರಿಕೆ. ಕಾಲು ಗಂಟೆ ಕಳೆದ ಮೇಲೆ ಅವರ ರೇಡಿಯೋ ಮತ್ತೆ ಮಾತಾಡಿತು. ಯಾರೋ ಮೇಲುಗೊಬ್ಬರದ ಬಗ್ಗೆ ಹೇಳುತ್ತಿದ್ದರು.

ಆಮೇಲಿನ ದಿನಗಳು ಇನ್ನೂ ಕೆಟ್ಟವು. ಕೆಲಸ ಮಾಡುತ್ತಿದ್ದ ಅಮ್ಮ ತಟ್ಟನೆ ನಿಂತು, "ಯಾರು ರೇಡಿಯೋ ಹಾಕಿದ್ದು?" ಎನ್ನುವಳು. ಹೋಗಿ ಪಂಚೆಯ ಮೇಲೆ ಕಿವಿ ಇಡುವಳು. ಒಂದು ದಿನ ನಾನೂ ಇಟ್ಟೆ. ಒಳಗೆ ಏನೋ ಗುಂಯ್‌ಗುಟ್ಟಿದ ಹಾಗಾಯಿತು.

ಸೂತಕ ಕಳೆದ ಮೇಲೆ, ಆಗಿನ್ನೂ ಹಳ್ಳಿಯಾಗಿದ್ದ ಚಿಕ್ಕಲಸಂದ್ರದ ಸೊಪ್ಪಿನಾಕೆ ಬಂದಳು. ಹದಿನೈದು ದಿನಕ್ಕೊಮ್ಮೆ ಬರುವವಳು, ನಮ್ಮ ಮನೆಯ ಸುದ್ದಿ ಅವಳಿಗೆ ತಿಳಿದಿರಲಿಲ್ಲ. ಜಗಲಿಯ ಮೇಲೆ ಬುಟ್ಟಿ ಇಳಿಸಿದವಳನ್ನು ಅಮ್ಮ ಕೇಳಿದಳು: "ನಿಮ್ಮೂರಲ್ಲಿ ರೇಡಿಯೋ ಇದೆಯೇನೇ?"

"ಚಾವಡಿ ಮುಂದೆ ಮಡಗವ್ರೆ ಕಣಮ್ಮ. ದಿನಾ ಸಂಜೆ ಆಕ್ತಾರೆ."

"ಹೋದ ಗುರುವಾರ ನಾಟಕ ಬಂತಲ್ಲ, ಕೇಳಿದ್ಯಾ?"

"ಒಗೆ ಬರದ ಒಲೆ ನಾಟಕ ತಾನೇ? ಕೇಳ್ದೆ. ನಕ್ಕೂ ನಕ್ಕೂ ಸಾಕಾಯ್ತು."

ಅಮ್ಮ ಅವಳ ಕೈ ಹಿಡಿದುಕೊಂಡಳು. "ಅದರಲ್ಲಿ ಹುಡುಗಿ ಹೇಗೆ ಮಾತಾಡಿದ್ಲು, ಹೇಳು."

"ಉಡುಗಿ ಎಲ್ಲಿದ್ಲಮ್ಮ ಅದ್ರಾಗೆ? ಒಲೆ ಆಕ್ಸೋಕೆ ಬರೋ ಆಪೀಸರು, ಅವನ ಜವಾನ, ಒಬ್ಳು ಮುದುಕಿ. ಅಷ್ಟೇಯ."

ಅಮ್ಮನ ಕೈ ಸಡಿಲಾಯಿತು. ಅಕ್ಕನನ್ನು ಕೊನೆಗೆ ನಾಟಕದಿಂದಲೂ ತೆಗೆದುಹಾಕಿದರೇ ಎಂದುಕೊಂಡೆ.

"ಆ ಮುದುಕಿ ಇದ್ಲು ನೋಡಿ!" ಎಂದು ಸೊಪ್ಪಿನಾಕೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಎರಡು ಸಲ ಗಂಟಲು ಕೆರೆದಳು. "'ಇವತ್ತೋ ನಾಳೆಯೋ ಹೋಗೋ ಜೀವ ನಾನು, ನನ್ನ ಒಲೆ ತಂಟೆಗೆ ಯಾಕ್ರೋ ಬರ್ತೀರಾ? ಉಸ್ಸಪ್ಪಾ, ರಾಮಚಂದ್ರಾ!' ಅಂತಾಳೆ ಆಪೀಸರಿಗೆ!"

ನಡುಮನೆಯಲ್ಲಿ ಅಜ್ಜಿ ಅಕ್ಕಿ ಕೇರುತ್ತಿದ್ದರು. ಮೊರದ ಸದ್ದು ನಿಂತಿತು. ಆ ಎರಡು ಸಲದ ಗಂಟಲು, ಆ ಉಸ್ಸಪ್ಪ, ಆ ರಾಮಚಂದ್ರ ಎಲ್ಲವೂ ಅಜ್ಜಿಯವು. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ನಾವು ಕೇಳಿದವು. ಅಕ್ಕ ಅಜ್ಜಿಯನ್ನೇ ಎತ್ತಿಕೊಂಡು ಹೋಗಿ ರೇಡಿಯೋದಲ್ಲಿ ಕೂರಿಸಿ ಬಂದಿದ್ದಳು.

"ಅದು ನನ್ನ ಮಗಳು ಕಣೇ" ಎಂದಳು ಅಮ್ಮ.

"ಓಗಮ್ಮ, ತಮಾಸೆ ಮಾಡ್ತೀಯ. ಎಪ್ಪತ್ತು ದಾಟಿರೋ ಮುದುಕಿ ಅದು. ಅದಕ್ಕೆ ನೀನು ಮಗಳಾಗ್ಬೇಕು."

ಅಮ್ಮ ನಕ್ಕಳು. ನಗುತ್ತಲೇ ಒಳಗೆ ಹೋಗಿ ಅಜ್ಜಿಯ ಎದುರು ಕೂತು, ಅಷ್ಟು ದಿನಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟಳು. "ಅತ್ತೆ, ಏನಾದ್ರೂ ಮಾತಾಡಿ."

ಅಜ್ಜಿ ಮೊರ ಬದಿಗಿಟ್ಟರು. ಕಣ್ಣೊರೆಸಿಕೊಂಡರು. ಎರಡು ಸಲ ಗಂಟಲು ಸರಿಮಾಡಿಕೊಂಡರು. "ಏನಂತ ಮಾತಾಡ್ಲೇ, ರಾಮಚಂದ್ರಾ..." ಎಂದರು. ಅಮ್ಮ ಕಣ್ಣು ಮುಚ್ಚಿದಳು.

ಆಮೇಲೆ ಅದೇ ರೂಢಿಯಾಯಿತು. ದೀಪ ಹಚ್ಚಿದ ಮೇಲೆ ಅಮ್ಮ ಅಜ್ಜಿಯ ಮುಂದೆ ಕಣ್ಣು ಮುಚ್ಚಿ ಕೂರುವಳು. ಅಜ್ಜಿ ಹಾಲಿನವನನ್ನೋ, ಬಿಸಿಲನ್ನೋ, ನನ್ನನ್ನೋ ಬಯ್ಯಲು ಶುರುಮಾಡುವರು. ಬಯ್ಯಲು ಏನೂ ಇಲ್ಲದ ದಿನ ಸುಮ್ಮನೆ ಒಂದು ಉಸ್ಸಪ್ಪ ಎನ್ನುವರು. ಅವರಿಬ್ಬರ ನಡುವೆ ಆಗ ಮೂರನೆಯವಳು ಇರುವಂತೆನಿಸಿ ನಾನು ಆ ಕೋಣೆಗೆ ಕಾಲಿಡುತ್ತಿರಲಿಲ್ಲ.

ಅಜ್ಜಿ ಇನ್ನೂ ಕೆಲವು ವರ್ಷ ಬದುಕಿದ್ದರು. ಅವರು ಹೋದ ದಿನ, ಮಗಳು ಸತ್ತಾಗ ಅಳದ ಅಮ್ಮ ನೆಲಕ್ಕೆ ಬಿದ್ದು ಅತ್ತಳು. ಅತ್ತೆಯ ಮೇಲೆ ಇಂಥ ಪ್ರೀತಿಯೇ ಎಂದು ನೆಂಟರೆಲ್ಲ ಬೆರಗಾದರು. ನಾನು ಎಬ್ಬಿಸಲು ಹೋದರೆ ನನ್ನ ಕುತ್ತಿಗೆಗೆ ಜೋತುಬಿದ್ದು ಕಿವಿಯಲ್ಲಿ ಹೇಳಿದಳು:

"ನಿಮ್ಮಕ್ಕ ಈಗ ಪೂರ್ತಿ ಹೋದ್ಲು ಕಣೇ."