ಇಣುಕುವುದೇ ಇವರ ಕೆಲಸ

ಬೆಳಗಿನ ಬಿಸಿಲು ಇನ್ನೂ ಗೋಡೆಗಿಳಿದಿಲ್ಲ. ಅರ್ಧ ಕಟ್ಟಿದ ಮನೆಯ ಮಲಗುವ ಕೋಣೆಯಲ್ಲಿ, ಮಂಚ ಬರಬೇಕಾದ ಜಾಗದಲ್ಲಿ, ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಹೊಸ ಮದುವಣಗಿತ್ತಿಯಂತೆ ಮುದುಡಿದ್ದಾರೆ. ಪಕ್ಕದ ಮನೆಯ ಹೊರಮೆಟ್ಟಿಲ ಮೇಲೆ ನಿಂತ ಹೆಂಗಸೊಬ್ಬರು ಬಗ್ಗಿ, ಬಳುಕಿ, ಕತ್ತು ಉದ್ದ ಮಾಡಿ ಅವರನ್ನೇ ದಿಟ್ಟಿಸುತ್ತಿದ್ದಾರೆ.

"ಬೋಳು ತಲೆ ಕಾಣ್ತಿದೆ ಮೇಸ್ತ್ರಿ! ಕಿಟಕಿ ಇನ್ನೊಂದು ಗೇಣು ಮೇಲೆ ಹೋಗ್ಲಿ."

"ಬೆಳಕು ಕಮ್ಮಿ ಆಗಲ್ವಾ?"

"ಮೇಲಿದ್ದಷ್ಟೂ ಬೆಳಕು ಒಳಗೆ ದೂರ ಬೀಳುತ್ತೆ. ನೀವು ಮಾತ್ರ ಕಾಣಲ್ಲ, ನನ್ನ ಪುಣ್ಯ!"

ಇವರು ಇಣುಕಮ್ಮ. ಹೆತ್ತವರು ಇಟ್ಟ ಹೆಸರಿಗಿಂತ ಗಾರೆಯವರು ಇಟ್ಟ ಹೆಸರೇ ನಿಂತಿದೆ. ಚೌಕಟ್ಟು ಕೂರಿಸುವ ಮುನ್ನ ರಸ್ತೆಯಿಂದ, ತಾರಸಿಯಿಂದ, ಎದುರು ಮನೆಯ ಬಾಗಿಲಿಂದ ಇಣುಕಿ, ಒಳಗಿನವರು ಎಲ್ಲೆಲ್ಲಿ ಕಣ್ಣಿಗೆ ಬೀಳುತ್ತಾರೆಂದು ಹೇಳುವುದು ಇವರ ಕಸುಬು. ವಾರಕ್ಕೆ ನಾಲ್ಕೈದು ಮನೆ. ಇವರ ಬಾಯಿಂದ 'ಕಾಣಲ್ಲ' ಎಂಬ ಮಾತು ಬಂದ ಮೇಲೆಯೇ ನಕ್ಷೆ ಬರೆದ ಎಂಜಿನಿಯರ್ ಕೂಡ ನಿಟ್ಟುಸಿರು ಬಿಡುತ್ತಾರೆ. "ಬೇರೆಯವ್ರು ಇಣುಕಿದ್ರೆ ಒದೆ ಬೀಳುತ್ತೆ, ನಂಗೆ ಕೂಲಿ ಸಿಗುತ್ತೆ," ಎಂದು ಇಣುಕಮ್ಮ ನಗುತ್ತಾರೆ.

ಮೊದಲು ಇಟ್ಟಿಗೆ ಹೊರುತ್ತಿದ್ದವರು. ಮದುವೆಯಾಗಿ ಬಂದ ಮನೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಓಣಿಗೆ ಬಾಯಿ ತೆರೆದಿತ್ತು. ಬಟ್ಟೆ ಬದಲಿಸಲು ಹಾಡುಹಗಲೇ ಕದವಿಕ್ಕಿ ಕತ್ತಲು ಮಾಡಬೇಕು. "ಮಾನ ಬೇಕಂದ್ರೆ ಬೆಳಕು ಬಿಡು, ಬೆಳಕು ಬೇಕಂದ್ರೆ ಮಾನ ಬಿಡು ಅನ್ನೋ ಹಾಗಿತ್ತು. ಎರಡೂ ಯಾಕಿರಬಾರದು ಅಂತ ಆಗ್ಲೇ ತಲೆಗೆ ಹುಳ ಬಿಟ್ಕೊಂಡೆ."

ಕಳೆದ ವರ್ಷ ಆ ಕಿಟಕಿ ಮುಚ್ಚಿಸಿ ಸೂರಿನಡಿ ಉದ್ದನೆಯ ಗಾಜು ಹಾಕಿಸಿದರು. ಮನೆ ತುಂಬ ಬೆಳಕು, ಹೊರಗಿನವರಿಗೆ ಒಂದು ನರಪಿಳ್ಳೆಯೂ ಕಾಣದು. ಇಣುಕಮ್ಮನ ಲೆಕ್ಕ ತಪ್ಪಿದ್ದು ಅಲ್ಲೇ. ಸೊಂಟ ಮುರಿದು ಆ ಹಳೇ ಕಿಟಕಿಯ ಪಕ್ಕದಲ್ಲೇ ಮಂಚ ಹಿಡಿದಿದ್ದ ಅತ್ತೆ ದಿನೇ ದಿನೇ ಮಂಕಾದರು. ಮಾತು ನಿಂತಿತು, ಊಟ ಅರ್ಧಕ್ಕಿಳಿಯಿತು. ಕೇಳಿ ಕೇಳಿ ಸಾಕಾದ ಮೇಲೆ ಒಂದು ದಿನ ಬಾಯಿ ಬಿಟ್ಟರು: "ಯಾರೂ ನನ್ನ ನೋಡಬಾರದು, ಸರಿ ಕಣೇ. ನಾನಿನ್ನೂ ಬದುಕಿದೀನಿ ಅಂತಾದ್ರೂ ಓಣಿಗೆ ಗೊತ್ತಾಗ್ಬೇಡ್ವಾ?"

"ಊರಿನ ಮನೆಗೆಲ್ಲ ಇಣುಕೋ ನಾನು, ನಮ್ಮನೆ ಮಂಚದ ಮೇಲೆ ಒಂದ್ಸಲ ಮಲಗಿ ನೋಡ್ಲಿಲ್ಲ," ಎನ್ನುವಾಗ ಇಣುಕಮ್ಮನ ನಗು ಮಾಯ. ಅತ್ತೆ ಮೊದಲಿನಂತಾಗದಿದ್ದರೆ ಎಂಬ ಭಯ ಅವರ ಮುಖದಲ್ಲೇ ಇದೆ.

ಮಧ್ಯಾಹ್ನ ಅದೇ ಮೇಸ್ತ್ರಿ ಇಣುಕಮ್ಮನ ಮನೆಗೆ ಬಂದು ಅತ್ತೆಯ ಮಂಚದ ಮಟ್ಟಕ್ಕೆ ಗೋಡೆ ಒಡೆಯುತ್ತಾರೆ. ತಟ್ಟೆಯಷ್ಟಗಲದ ಕಿಂಡಿ, ದಿಂಬಿನ ಮೇಲಿನ ಮುಖಕ್ಕೆ ಸರಿಯಾಗಿ. ಉಳಿದ ಕೋಣೆಯೆಲ್ಲ ಗೋಡೆಯ ಮರೆಯಲ್ಲಿ. ಇಣುಕಮ್ಮ ಓಣಿಗಿಳಿದು ನಿಲ್ಲುತ್ತಾರೆ. ಅಷ್ಟರಲ್ಲಿ ತರಕಾರಿ ಗಾಡಿಯವನು ಕಿಂಡಿಯತ್ತ ನೋಡಿ, "ಏನಜ್ಜಿ, ಇಷ್ಟು ದಿನ ಎಲ್ಲಿ ಹೋಗಿದ್ರಿ?" ಎನ್ನುತ್ತಾನೆ.

"ಎಲ್ಲಿಗೆ ಹೋಗ್ಲಿ ನಾನು? ಬದನೆಕಾಯಿ ಎಳೇದಾ? ಹತ್ರ ತಾ, ನೋಡ್ತೀನಿ. ಹೋದ್ಸಲ ಬರೀ ಬೀಜ ಕೊಟ್ಟಿದ್ದೆ!"

ಒಳಗಿನಿಂದ ಮೇಸ್ತ್ರಿ ಕೂಗುತ್ತಾರೆ: "ಕಾಣ್ತಾರಾ ಇಣುಕಮ್ಮ? ಕಿಂಡಿ ಸಣ್ಣ ಮಾಡ್ಲಾ?"

ಇಣುಕಮ್ಮ ಮುಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

"ಕಾಣ್ತಾರೆ ಮೇಸ್ತ್ರಿ. ಹಾಗೇ ಇರ್ಲಿ."