ಸೀಟಕ್ಕನ ಮೂವತ್ತೆಂಟು ತಿರುವುಗಳು

ನನ್ನ ಸೋದರತ್ತೆ ಬೈಕಿನ ಸೀಟು ಹೊಲಿಯುತ್ತಾಳೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಪಾನಣ್ಣನ ಗ್ಯಾರೇಜಿಗೆ ಗೋಡೆ ಅಂಟಿಕೊಂಡಂತೆ ಅವಳ ಅಂಗಡಿ ಇದೆ. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ, ನಾನೇ ಅಳೆದಿದ್ದೇನೆ. ಬಾಗಿಲ ಬಳಿ ಹೊಲಿಗೆ ಯಂತ್ರ, ಅದರ ಹಿಂದೆ ಸುರುಳಿ ಸುತ್ತಿ ನಿಲ್ಲಿಸಿದ ರೆಕ್ಸಿನ್, ಅಟ್ಟದ ಮೇಲೆ ಫೋಮಿನ ಹಾಳೆಗಳು, ಮೂಲೆಯಲ್ಲಿ ಹಳೆಯ ಕಂಪ್ಯೂಟರ್. ಕಂಪ್ಯೂಟರಿಗೂ ಅವಳು ಸೀಟಿಗೆ ಹಾಕುವಂಥದ್ದೇ ಗವಸು ಹೊಲಿದಿದ್ದಾಳೆ, ಕೆಳಗೆ ಎಲಾಸ್ಟಿಕ್ ಕೊಟ್ಟು.

ಬೈಕಿನವರೆಲ್ಲ ಅವಳನ್ನು ಸೀಟಕ್ಕ ಎನ್ನುತ್ತಾರೆ. ಯಾರೇ ಬಂದರೂ ಅವಳು ಮುಖಕ್ಕಿಂತ ಮೊದಲು ಸೀಟು ನೋಡುತ್ತಾಳೆ. "ಏನಪ್ಪಾ, ಹಿಂದಿನ ಅರ್ಧ ಹೊಸದಾಗೇ ಇದೆ. ಹೆಂಡ್ತಿ ನಿನ್ನ ಗಾಡಿ ಹತ್ತೋದು ಬಿಟ್ಟು ಎಷ್ಟು ವರ್ಷ ಆಯ್ತು?" ಎಂದು ಕೇಳುತ್ತಾಳೆ. ಅವನು ನಾಚಿಕೊಂಡು ನಗುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ: "ರಸ್ತೆ ಹೇಗಿದೆ? ಎಷ್ಟನೇದರಲ್ಲಿ ಜಾರ್ತು?"

ಆ ರಸ್ತೆ ನಮ್ಮ ಊರಿನ ಅಂಚಿನಿಂದ ಬೆಟ್ಟ ಹತ್ತುತ್ತದೆ. ಮೂವತ್ತೆಂಟು ತಿರುವು ದಾಟಿದರೆ ಮೇಲಿನ ಊರು. ತಿರುವುಗಳಿಗೆ ನಂಬರಿನ ಫಲಕವಿಲ್ಲ, ಓಡಿಸುವವರೇ ಎಣಿಸಿಕೊಂಡು ಹೋಗುತ್ತಾರೆ. ಎಲ್ಲಿ ಮರಳು ಬಿದ್ದಿದೆ, ಎಲ್ಲಿ ಲಾರಿ ಎಣ್ಣೆ ಚೆಲ್ಲಿದೆ, ಎಲ್ಲಿ ತಡೆಗೋಡೆ ಕುಸಿದಿದೆ ಎಂದು ಫೋನಿನಲ್ಲಿ ಅತ್ತೆಗೆ ಹೇಳುತ್ತಾರೆ. ಅವಳು ಅದನ್ನು ಬೈಕಿನವರಿಗಾಗಿಯೇ ಮಾಡಿಸಿದ್ದ ಒಂದು ವೆಬ್‌ಸೈಟಿಗೆ ಹಾಕುತ್ತಾಳೆ. ಆರು ವರ್ಷದಿಂದ ದಿನವೂ ಹಾಕುತ್ತಿದ್ದಳು. ಬಿಳಿ ಪುಟ, ಕಪ್ಪು ಅಕ್ಷರ, ಒಂದರ ಕೆಳಗೊಂದು ಸಾಲು. "ಹನ್ನೆರಡು. ಮರಳು. ನಿಧಾನ." ಅಷ್ಟೇ. ಬೆಳಿಗ್ಗೆ ಬೈಕು ಹೊರಗೆ ತೆಗೆಯುವ ಮೊದಲು ಎರಡೂ ಊರಿನವರು ಅದನ್ನು ನೋಡುತ್ತಿದ್ದರು.

ಆ ವೆಬ್‌ಸೈಟನ್ನು ಸುಧಾರಿಸುತ್ತೇನೆ ಎಂದವಳು ನಾನು. ಶಾಲೆ ಬಿಟ್ಟ ಮೇಲೆ ವೆಬ್‌ಸೈಟ್ ಮಾಡುವ ಕೆಲಸವನ್ನು ಒಬ್ಬಳೇ ಕೂತು ಕಲಿತಿದ್ದೆ. ಅವಸರ ಮಾಡಲಿಲ್ಲ. ಮೊದಲು ನಾಲ್ಕು ದಿನ ಅತ್ತೆಯ ಪಕ್ಕದಲ್ಲಿ ಕೂತು, ಅವಳು ಮಾಡುವುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವಳು ಫೋನನ್ನು ಭುಜ ಮತ್ತು ಕಿವಿಯ ನಡುವೆ ಸಿಕ್ಕಿಸಿಕೊಂಡು, "ಹೂಂ, ಹೂಂ, ಆಯ್ತು" ಎನ್ನುತ್ತಾ ಕೇಳುತ್ತಾಳೆ. ಆಮೇಲೆ ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಾಳೆ. ಇಷ್ಟನ್ನು ಬರೆದುಕೊಂಡು ಮೂರು ಸಲ ಕೇಳಿದೆ.

"ಇದು ಬಿಟ್ಟು ಇನ್ನೇನಾದ್ರೂ ಮಾಡ್ತೀಯಾ ಅತ್ತೆ?"

"ಇನ್ನೇನಿದೆ ಕಣೇ ಮಾಡೋಕೆ? ಅವರು ಹೇಳಿದ್ದನ್ನ ಹಾಕ್ತೀನಿ. ನಾನೇನು ಕಥೆ ಕಟ್ತೀನಾ?"

ಹಾಗಾಗಿ ಹೊಸ ವೆಬ್‌ಸೈಟಿನಲ್ಲಿ ಬೈಕಿನವರೇ ನೇರವಾಗಿ ಬರೆಯುವಂತೆ ಮಾಡಿದೆ. ತಿರುವಿನ ಸಂಖ್ಯೆ ಒತ್ತಬೇಕು, ಏನಾಗಿದೆ ಎಂದು ಆರಿಸಬೇಕು, ಮುಗಿಯಿತು. ಅಪಾಯವಿದ್ದರೆ ಕೆಂಪು ಚುಕ್ಕೆ, ಸ್ವಲ್ಪ ಎಚ್ಚರಿಕೆ ಬೇಕಾದರೆ ಹಳದಿ. ಬರೆಯುವವರ ಹೆಸರು ಬೇಡ ಎನಿಸಿತು, ಕೇಳಲಿಲ್ಲ. ಫೋನ್ ನಂಬರನ್ನೂ ಕೇಳಲಿಲ್ಲ. ಪ್ರಶ್ನೆ ಕಡಿಮೆಯಿದ್ದಷ್ಟೂ ಜನ ಹೆಚ್ಚು ಬರೆಯುತ್ತಾರೆ ಎಂದುಕೊಂಡಿದ್ದೆ.

ನಿಜಕ್ಕೂ ಹೆಚ್ಚು ಬರೆದರು. ಎರಡು ವಾರ ಕಳೆಯುವಷ್ಟರಲ್ಲಿ ಅಂಗಡಿಗೆ ಬಂದ ಮೂರು ನಾಲ್ಕು ಜನ ಒಂದೇ ಮಾತು ಹೇಳಿದರು: "ಈಚೆಗೆ ರಸ್ತೆಯವರು ಭಾರಿ ಚುರುಕಾಗಿದಾರೆ ಸೀಟಕ್ಕ. ವೆಬ್‌ಸೈಟಲ್ಲಿ ನೋಡ್ಕೊಂಡು ಹೋಗೋ ಹೊತ್ತಿಗೆ ಅಲ್ಲಿ ಏನೂ ಇರಲ್ಲ, ಎಲ್ಲ ಗುಡಿಸಿಬಿಟ್ಟಿರ್ತಾರೆ."

ಅತ್ತೆ ನನ್ನ ಬೆನ್ನು ತಟ್ಟಿದಳು. "ನೋಡಿದ್ಯಾ, ನಿನ್ನ ಕೆಂಪು ಚುಕ್ಕೆ ನೋಡಿ ಅವರಿಗೂ ಹೆದರಿಕೆ ಹುಟ್ಟಿದೆ" ಎಂದಳು. ಆ ಮಾತಿಗೆ ನಾನು ಸಂತೋಷಪಟ್ಟಿದ್ದೆ.

ಹದಿನೆಂಟನೆಯ ದಿನ ಮಧ್ಯಾಹ್ನ ಮೂರೂವರೆಗೆ ಪಾನಣ್ಣ ಕೈಯಲ್ಲಿ ಪಾನಾ ಹಿಡಿದೇ ಅಂಗಡಿಯೊಳಗೆ ಬಂದ. ಆ ಪಾನಾದಿಂದಲೇ ಅವನಿಗೆ ಹೆಸರು ಬಂದದ್ದು. ಸಾಮಾನ್ಯವಾಗಿ ಅವನು ಬಾಗಿಲಲ್ಲೇ ಏನಾದರೂ ತಮಾಷೆ ಮಾಡುತ್ತಾನೆ. ಅವತ್ತು ಮಾಡಲಿಲ್ಲ.

"ಅಕ್ಕಾ, ನರ್ಸಮ್ಮ ಬಿದ್ದುಬಿಟ್ಟಿದಾಳೆ."

ನರ್ಸಮ್ಮ ನಮ್ಮ ಮನೆಯಿಂದ ಎರಡು ಬೀದಿ ಆಚೆಯವಳು. ಮೇಲಿನ ಊರಿನ ಆಸ್ಪತ್ರೆಯಲ್ಲಿ ಕೆಲಸ, ದಿನವೂ ಬೈಕಿನಲ್ಲಿ ಹತ್ತಿ ಇಳಿಯುತ್ತಾಳೆ. ಗಿಡ್ಡ ಎಂದು ಅತ್ತೆಯೇ ಅವಳ ಸೀಟಿನ ಫೋಮನ್ನು ಎರಡಿಂಚು ಕತ್ತರಿಸಿ, ಕಾಲು ನೆಲಕ್ಕೆ ತಾಗುವಂತೆ ಮಾಡಿಕೊಟ್ಟಿದ್ದಳು.

"ಎಲ್ಲಿ?"

"ಮೂವತ್ತನೇ ತಿರುವಲ್ಲಿ. ಜಲ್ಲಿ ಲಾರಿ ಚೆಲ್ಲಿ ಹೋಗಿದೆ. ತೊಡೆ ಮೂಳೆ ಮುರಿದಿದೆಯಂತೆ. ರಸ್ತೆಯಿಂದ ಕೆಳಗೆ ಮುಕ್ಕಾಲು ಗಂಟೆ ಬಿದ್ದಿದ್ದಳಂತೆ, ಯಾರೂ ನೋಡಿಲ್ಲ."

ಅತ್ತೆ ಯಂತ್ರದಿಂದ ಕಾಲು ತೆಗೆದಳು. "ಮೂವತ್ತರಲ್ಲಿ ಜಲ್ಲಿ ಇದೆ ಅಂತ ನಿನ್ನೇನೇ ಪೋಸ್ಟ್‌ಮ್ಯಾನ್ ಹಾಕಿದ್ದನಲ್ಲ! ನನಗೆ ಫೋನ್ ಮಾಡಿ ಹೇಳಿದ ಕೂಡ, ಹಾಕಿದೀನಿ ಸೀಟಕ್ಕ ಅಂತ. ಅವಳು ನೋಡ್ಲಿಲ್ವಾ?"

ನಾನು ಕಂಪ್ಯೂಟರ್ ತೆರೆದೆ. ಮೂವತ್ತರ ಎದುರು ಏನೂ ಇರಲಿಲ್ಲ. ಜಲ್ಲಿಯ ಕೆಂಪು ಚುಕ್ಕೆ ಒಂಬತ್ತರ ಎದುರಿತ್ತು.

"ಅತ್ತೆ, ಅವರು ಒಂಬತ್ತು ಅಂತ ಹಾಕಿದಾರೆ."

"ಅದೇ ಕಣೇ. ಒಂಬತ್ತು ಅಂದ್ರೆ ಮೂವತ್ತು. ಅವನು ಮೇಲಿನ ಊರಿನವನಲ್ವಾ?"

ನನಗೆ ಅರ್ಥವಾಗಲಿಲ್ಲ. ಅವಳು ಕತ್ತರಿ ಹಿಡಿದ ಕೈಯನ್ನು ಮೇಲಿಂದ ಕೆಳಗೆ ತಂದು ತೋರಿಸಿದಳು.

"ಮೇಲಿನವರು ಮೇಲಿಂದ ಎಣಿಸ್ತಾರೆ, ನಮ್ಮವರು ಕೆಳಗಿಂದ ಎಣಿಸ್ತಾರೆ. ಅವರು ಒಂಬತ್ತು ಅಂದ್ರೆ ಮೂವತ್ತೊಂಬತ್ತರಲ್ಲಿ ಒಂಬತ್ತು ಕಳೆದು ಹಾಕ್ಬೇಕು. ಅದರಲ್ಲೇನಿದೆ?"

"ನೀನು ಅದನ್ನ ಬದಲಾಯಿಸ್ತಿದ್ದೆಯಾ? ಆರು ವರ್ಷದಿಂದ?"

"ಬದಲಾಯಿಸೋದು ಏನು ಬಂತು..." ಎಂದವಳು ಅಲ್ಲಿಗೇ ನಿಂತಳು. ಕತ್ತರಿಯನ್ನು ಮೇಜಿನ ಮೇಲಿಡಲು ಹೋಗಿ, ಮೇಜು ತಪ್ಪಿ ಕೆಳಗೆ ಬೀಳಿಸಿದಳು. "ಅಯ್ಯೋ, ಹಾಗಾದ್ರೆ ನೀನು..."

ಮೇಲಿನವರು ಅತ್ತೆಯ ಪುಟ ಓದುವಾಗ ಮನಸ್ಸಿನಲ್ಲೇ ಹಿಂದುಮುಂದು ಮಾಡಿಕೊಳ್ಳುತ್ತಿದ್ದರಂತೆ. ಸೀಟಕ್ಕನ ಲೆಕ್ಕ ಕೆಳಗಿನದು ಎಂದು ಅವರಿಗೆ ಗೊತ್ತಿತ್ತು. ಹೇಳುವವನ ದನಿ ಕೇಳಿದರೆ ಸಾಕು, ಅವನು ಯಾವ ಕಡೆಯವನೆಂದು ಅತ್ತೆಗೆ ತಿಳಿಯುತ್ತಿತ್ತು. ಉಸಿರಾಡುವಷ್ಟು ಸಲೀಸಾಗಿ ಅವಳು ಅದನ್ನು ಮಾಡುತ್ತಿದ್ದಳು. ಹಾಗಾಗಿ ತಾನು ಏನಾದರೂ ಮಾಡುತ್ತಿದ್ದೇನೆ ಎಂದೇ ಅವಳಿಗೆ ಅನಿಸಿರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅವಳ "ಹೂಂ" ಕೂಡ ಇತ್ತು, ಅದು ಮಾತ್ರ ಇರಲಿಲ್ಲ.

ರಸ್ತೆಯವರು ಚುರುಕಾಗಿರಲಿಲ್ಲ. ಜನ ತಪ್ಪು ತಿರುವಿನಲ್ಲಿ ನಿಧಾನ ಮಾಡಿ, ಏನೂ ಇಲ್ಲವೆಂದು ಖುಷಿಪಟ್ಟು, ಇನ್ನೆಲ್ಲೋ ಇದ್ದ ಮರಳಿನ ಮೇಲೆ ಅದೃಷ್ಟದಿಂದ ಉಳಿದುಕೊಂಡು ಬಂದಿದ್ದರು. ಹದಿನೆಂಟು ದಿನ.

"ಮುಚ್ಚು ಅದನ್ನ. ಈಗಲೇ ಮುಚ್ಚು" ಎಂದಳು ಅತ್ತೆ.

ಮುಚ್ಚಿದೆ. ಮುಚ್ಚುವ ಮೊದಲು ಪುಟದಲ್ಲಿದ್ದ ಹದಿನಾಲ್ಕು ಎಚ್ಚರಿಕೆಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಅತ್ತೆ ಪರಿಚಯದ ಬೈಕಿನವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. "ಎಣ್ಣೆ ಅಂತ ಹಾಕಿದ್ದು ನೀನಾ? ಎಲ್ಲಿಂದ ಎಣಿಸಿದ್ದು? ತಮಾಷೆ ಅಲ್ಲ ಕಣಪ್ಪಾ, ಸರಿಯಾಗಿ ಹೇಳು." ಹನ್ನೊಂದನ್ನು ಬರೆದವರು ಸಿಕ್ಕರು. ಮೂರನ್ನು ಬರೆದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ನಂಬರು ಕೇಳಿರಲಿಲ್ಲವಲ್ಲ.

"ಆ ಮೂರನ್ನ ಹೋಗೇ ನೋಡ್ಬೇಕು" ಎಂದ ಪಾನಣ್ಣ. "ಬೆಳಿಗ್ಗೆ ನನ್ನ ಗೂಡ್ಸ್ ಆಟೋ ತೆಗೀತೀನಿ. ಅಕ್ಕಾ, ನೀವೂ ಬನ್ನಿ. ಆ ರಸ್ತೆ ನಿಮ್ಮಷ್ಟು ಯಾರಿಗೆ ಗೊತ್ತು?"

ಅತ್ತೆ ಬಿದ್ದ ಕತ್ತರಿಯನ್ನು ಎತ್ತಿಕೊಂಡು ಅದರ ತುದಿ ನೋಡುತ್ತಾ, "ನಾನು ಆ ರಸ್ತೆ ನೋಡೇ ಇಲ್ಲ" ಎಂದಳು.

"ಏನಂದ್ರಿ?"

"ಒಂದು ಸಲ ಬಸ್ಸಲ್ಲಿ ಹೊರಟಿದ್ದೆ. ಎರಡನೇ ತಿರುವಿಗೇ ಪಕ್ಕದವರ ಮಡಿಲ ಮೇಲೆ ವಾಂತಿ ಮಾಡ್ಕೊಂಡೆ. ಇಳಿದು ನಡ್ಕೊಂಡು ವಾಪಸ್ ಬಂದೆ. ಆಮೇಲೆ ಹೋಗಿಲ್ಲ."

ಪಾನಣ್ಣ ಕೈಯಲ್ಲಿದ್ದ ಪಾನಾವನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದ. "ಇಡೀ ಎರಡೂರಿಗೆ ದಾರಿ ಹೇಳ್ತೀರಲ್ರೀ!"

"ಯಾರೂ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಎಂದಳು ಅತ್ತೆ. ನನಗೂ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ನಾನು ಅವಳ ಮನೆಯಲ್ಲೇ ಇರುವವಳು.

ಆದರೂ ಅವಳು ಬಂದಳು. ಬೆಳಿಗ್ಗೆ ಆರೂವರೆಗೆ ಮಡಿಲಲ್ಲಿ ನಾಲ್ಕು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಪಾನಣ್ಣನ ಪಕ್ಕ ಕೂತಳು. ಹಿಂದೆ ನಾನು, ಎರಡು ಪೊರಕೆ, ಒಂದು ಸಲಿಕೆ. ಎರಡನೆಯ ತಿರುವಿನಲ್ಲೇ ಮೊದಲ ಚೀಲ ಮುಗಿಯಿತು. ಬಾಯಿ ಒರೆಸಿಕೊಂಡು ಅವಳು ಹೇಳಲು ಶುರು ಮಾಡಿದಳು. "ಮುಂದಿನದು ಎಡಕ್ಕೆ. ಒಳಗಿನ ಕಡೆ ಚರಂಡಿಗೆ ಮುಚ್ಚಳ ಇಲ್ಲ." ಮುಚ್ಚಳ ಇರಲಿಲ್ಲ. "ಇದಾದ ಮೇಲೆ ಉದ್ದನೆ ಬಂಡೆ, ಅದರ ನೆರಳಲ್ಲಿ ಯಾವಾಗ್ಲೂ ಒದ್ದೆ." ಬಂಡೆ ಬಂತು, ಒದ್ದೆ ಇತ್ತು. ಪಾನಣ್ಣ ಅವಳು ಹೇಳಿದಂತೆ ಓಡಿಸಿದ. ಅತ್ತೆ ಹೆಚ್ಚುಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದಳು.

ಬರೆದವರು ಸಿಗದ ಆ ಮೂರರಲ್ಲಿ ಎರಡು ಕೆಳಗಿಂದ ಎಣಿಸಿದ್ದು, ಒಂದು ಮೇಲಿಂದ. ಕಣ್ಣಾರೆ ಕಂಡು ಗುರುತು ಹಾಕಿಕೊಂಡೆ.

ಮೂವತ್ತರಲ್ಲಿ ಜಲ್ಲಿ ಹಾಗೇ ಇತ್ತು. ಅಂಗೈಯಗಲ ದಪ್ಪ, ಎರಡು ಬೈಕು ಉದ್ದ. ಟೈರು ಜಾರಿದ ಗೆರೆ ರಸ್ತೆಯ ಅಂಚಿನವರೆಗೆ ಹೋಗಿ ಅಲ್ಲಿಗೆ ನಿಂತಿತ್ತು. ಅಂಚಿನಾಚೆ ನೋಡಿದೆ. ಮನೆಯ ಮಾಳಿಗೆಯಷ್ಟು ಆಳ. ಕೆಳಗೆ ಒಂದು ಊಟದ ಡಬ್ಬಿಯ ಮುಚ್ಚಳ ಬಿಸಿಲಿಗೆ ಹೊಳೆಯುತ್ತಿತ್ತು. ಅಲ್ಲೇ ಕೂತುಬಿಟ್ಟೆ. ಅತ್ತೆ ಪೊರಕೆ ತೆಗೆದುಕೊಂಡಳು. ಅವಳು ಗುಡಿಸಿದಳು, ಪಾನಣ್ಣ ಸಲಿಕೆಯಲ್ಲಿ ಎತ್ತಿ ಬದಿಗೆ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ ಎದ್ದು ನಾನೂ ಸೇರಿಕೊಂಡೆ.

ಅಲ್ಲಿಂದ ಆಸ್ಪತ್ರೆಗೆ ಹೋದೆವು. ನರ್ಸಮ್ಮ ತಾನು ಕೆಲಸ ಮಾಡುವ ವಾರ್ಡಿನಲ್ಲೇ, ಕಿಟಕಿ ಪಕ್ಕದ ಮಂಚದ ಮೇಲಿದ್ದಳು. ತೊಡೆಯಿಂದ ಪಾದದವರೆಗೆ ಪಟ್ಟಿ, ಕಾಲಿಗೆ ಭಾರ ತೂಗುಹಾಕಿದ್ದರು. ಕೆನ್ನೆ ತರಚಿ ಕಪ್ಪಾಗಿತ್ತು.

"ಸೀಟಕ್ಕಾ! ನೀವು ಇಲ್ಲಿಗೆ ಹೇಗೆ ಬಂದ್ರಿ?" ಎಂದಳು. ಆಮೇಲೆ ತಾನಾಗಿಯೇ ಹೇಳಿದಳು: "ನಾನು ನೋಡ್ಕೊಂಡೇ ಹೊರಟಿದ್ದೆ ಅಕ್ಕಾ. ಒಂಬತ್ತರಲ್ಲಿ ಜಲ್ಲಿ ಅಂತಿತ್ತು. ಅಲ್ಲಿ ಪೂರ್ತಿ ನಿಧಾನ ಮಾಡ್ದೆ, ಏನೂ ಇರ್ಲಿಲ್ಲ. ಗುಡಿಸಿದಾರೆ, ಇನ್ನು ಮೇಲೆಲ್ಲ ಸಲೀಸು ಅಂದ್ಕೊಂಡು ಸ್ವಲ್ಪ ಜೋರಾಗೇ ಹೋದೆ."

ವೆಬ್‌ಸೈಟ್ ಇಲ್ಲದೇ ಇದ್ದಿದ್ದರೆ ಅವಳು ಬೀಳುತ್ತಿರಲಿಲ್ಲ. ಇದು ನನಗೆ ಆ ಮಾತಿನಲ್ಲಿ ತಿಳಿಯಿತು.

"ತಪ್ಪು ನಂದು" ಎಂದಳು ಅತ್ತೆ. "ಹೇಳ್ಬೇಕಾದ್ದನ್ನ ಹೇಳ್ಲಿಲ್ಲ."

"ಅಲ್ಲ, ನಾನು ಮಾಡಿದ್ದು" ಎಂದೆ. ಎಲ್ಲವನ್ನೂ ಹೇಳಿದೆ. ಮೇಲಿನ ಎಣಿಕೆ, ಕೆಳಗಿನ ಎಣಿಕೆ, ನಾನು ಕೇಳದ ಹೆಸರುಗಳು. ಮುಗಿದ ಮೇಲೆ ನರ್ಸಮ್ಮ ಪಟ್ಟಿ ಕಟ್ಟಿದ ಕಾಲಿನ ಕಡೆ ಕೈ ತೋರಿಸಿದಳು.

"ಕಾಲೊಳಗೆ ಸರಳು ಹಾಕ್ತಾರೆ ನಾಳೆ. ಆರು ತಿಂಗಳು. ಆಮೇಲೂ ಕುಂಟ್ತೀನೋ ಇಲ್ವೋ ಡಾಕ್ಟರಿಗೇ ಗೊತ್ತಿಲ್ಲ. ತಿಳೀತಾ?"

"ತಿಳೀತು."

"ಪರವಾಗಿಲ್ಲ ಅಂತ ನಾನು ಹೇಳಲ್ಲ."

"ಹೇಳ್ಬೇಡಿ" ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. "ಈಗ ಅದರಲ್ಲಿ ಏನಿದೆ?"

"ಮುಚ್ಚಿಬಿಟ್ಟಿದೀವಮ್ಮ" ಎಂದಳು ಅತ್ತೆ. "ಇನ್ನು ಆ ಸಹವಾಸವೇ ಬೇಡ."

"ಮುಚ್ಚಿದೀರಾ?" ನರ್ಸಮ್ಮ ಏಳಲು ಹೋಗಿ ನೋವಿಗೆ ಹಲ್ಲು ಕಚ್ಚಿದಳು. "ಎರಡು ಗಂಟೆಗೆ ಪಾಳಿ ಮುಗಿಸಿ ನಮ್ಮ ಹುಡುಗೀರು ನಾಲ್ಕು ಜನ ಗಾಡೀಲಿ ಇಳೀತಾರೆ. ಅವರಿಗೆ ಯಾರು ಹೇಳ್ತಾರೆ, ನಿಮ್ಮ ರೆಕ್ಸಿನ್ನಾ? ತಪ್ಪು ಮಾಡಿ ಬಾಗಿಲು ಹಾಕ್ಕೊಂಡು ಕೂತ್ರೆ ಆಯ್ತಾ? ತೆಗೀರಿ. ಇಲ್ಲೇ, ನನ್ನೆದುರಿಗೆ ತೆಗೀರಿ."

ಅತ್ತೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಾನು ಫೋನು ತೆಗೆದು, ತಿರುವಿನ ಸಂಖ್ಯೆಗಿಂತ ಮೊದಲು ಇನ್ನೊಂದು ಪ್ರಶ್ನೆ ಸೇರಿಸಿದೆ: ಎಲ್ಲಿಂದ ಎಣಿಸಿದಿರಿ, ಕೆಳಗಿಂದಲೋ ಮೇಲಿಂದಲೋ? ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲು ಆಗದಂತೆ ಮಾಡಿದೆ. ಪುಟದಲ್ಲಿ ಪ್ರತಿಯೊಂದಕ್ಕೂ ಎರಡೂ ಸಂಖ್ಯೆ ಕಾಣುವಂತೆ ಮಾಡಲು ಒಂದೂಕಾಲು ಗಂಟೆ ಹಿಡಿಯಿತು. ಎಲ್ಲವನ್ನೂ ಎರಡೆರಡು ಸಲ ನೋಡಿದೆ. ಆಮೇಲೆ ಅತ್ತೆ ಕಾಗದ ಹಿಡಿದು ಒಂದೊಂದಾಗಿ ಓದಿದಳು, ನಾನು ಸೇರಿಸಿದೆ. ನರ್ಸಮ್ಮ ಪ್ರತಿಯೊಂದಕ್ಕೂ "ಎಲ್ಲಿಂದ?" ಎಂದು ಕೇಳಿದಳು. ಅತ್ತೆ ಪ್ರತಿಯೊಂದಕ್ಕೂ ಹೇಳಿದಳು.

ಹದಿಮೂರು ಆದ ಮೇಲೆ ಅತ್ತೆ ಕಾಗದ ಮಡಚಿದಳು. "ಜಲ್ಲಿಯದ್ದು ಬೇಡ. ಬರೋವಾಗ ಗುಡಿಸಿ ಬಂದಿದೀವಿ."

"ಒಳಗಿನ ಅಂಚಿನವರೆಗೂ ಗುಡಿಸಿದ್ರಾ?"

ಅತ್ತೆ ನನ್ನ ಮುಖ ನೋಡಿದಳು. ನಾವು ಗಾಡಿ ಹೋಗುವ ಜಾಗವನ್ನಷ್ಟೇ ಗುಡಿಸಿದ್ದೆವು.

"ಹಾಗಾದ್ರೆ ಹಾಕು" ಎಂದಳು ನರ್ಸಮ್ಮ ನನಗೆ. "ಕೆಳಗಿಂದ ಮೂವತ್ತು. ಮೇಲಿಂದ ಒಂಬತ್ತು. ಒಳಗಿನ ಅಂಚಲ್ಲಿ ಜಲ್ಲಿ ಇನ್ನೂ ಇದೆ."

ಹಾಕಿದೆ. ಅವಳು ಫೋನು ಕೇಳಿ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು ಓದಿ ನೋಡಿದಳು. ಆಮೇಲೆ ವಾರ್ಡಿನ ಬಾಗಿಲಿನ ಕಡೆ ಕೂಗಿ ತನ್ನ ಜೊತೆಯವರನ್ನು ಕರೆದಳು.